ನೆಕ್ಕರೆ ಕೆರೆಯ ನಲವತ್ತಡಿ

ಆ ಸೋಮವಾರ ಬೆಳಿಗ್ಗೆ ಸರ್ವರ್ ನೆಟ್ಟಗೆ ಕೆಲಸ ಮಾಡಿದ್ದರೆ ಪುತ್ತಿಗೆಯ ನೆಕ್ಕರೆ ಕೆರೆಯಲ್ಲಿ ಯಾವ ಪ್ರಾಣಿಯೂ ಹುಟ್ಟುತ್ತಿರಲಿಲ್ಲ. ನಿತ್ಯಾನಂದ ಒಂಬತ್ತೂವರೆಗೆ ವಿಟ್ಲ ಪೇಟೆಯ ತನ್ನ ಜೆರಾಕ್ಸ್ ಅಂಗಡಿಯ ಬಾಗಿಲು ಎತ್ತಿ, ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಮೊದಲ ಗಿರಾಕಿಯ ಅರ್ಜಿ ತುಂಬಿಸಲು ಕೂತ. ಪರದೆಯ ಮೇಲೆ ಒಂದು ಸಣ್ಣ ಚಕ್ರ ತಿರುಗತೊಡಗಿತು. ಐದು ನಿಮಿಷ ತಿರುಗಿತು, ಹತ್ತು ನಿಮಿಷ ತಿರುಗಿತು. ಗಿರಾಕಿ ಕನ್ಯಾನದ ಅಂಗನವಾಡಿ ಟೀಚರ್ ನೀಲಾವತಿ. ಆಕೆ ಬೆಂಚಿನ ಮೇಲೆ ಕೂತು, ಮಡಿಲಲ್ಲಿ ಕೊಡೆ ಇಟ್ಟುಕೊಂಡು, ಚಕ್ರ ಮೊದಲು ಸೋಲುತ್ತದೋ ತಾನೋ ನೋಡೇಬಿಡುವ ಎಂಬಂತೆ ಕಾಯತೊಡಗಿದಳು.

ಸರ್ವರ್ ಬಾರದ ಹೊತ್ತಿನಲ್ಲಿ ನಿತ್ಯಾನಂದ ಉಳಿದ ಅಂಗಡಿಯವರಂತೆ ಚಾ ಕುಡಿಯಲು ಹೋಗುತ್ತಿರಲಿಲ್ಲ. ಸರೋವರಗಳನ್ನು ನೋಡುತ್ತಿದ್ದ. ಏಳು ವರ್ಷದ ಹಿಂದೆ ಪೇಪರಿನ ಮೂಲೆಯಲ್ಲಿ ಅವನೊಂದು ಸುದ್ದಿ ಓದಿದ್ದ. ಸ್ಕಾಟ್ಲೆಂಡಿನ ನೆಸ್ ಸರೋವರದಲ್ಲಿ ಇದೆಯೆನ್ನುವ ದೈತ್ಯಪ್ರಾಣಿಯ ಆಕಾರವನ್ನು ಯಾರೋ ಒಬ್ಬ ಮನೆಯಲ್ಲೇ ಕೂತು, ಉಪಗ್ರಹ ತೆಗೆದ ಚಿತ್ರದಲ್ಲಿ ಕಂಡುಹಿಡಿದನಂತೆ. ಪ್ರಾಣಿಗಿಂತ ಹೆಚ್ಚಾಗಿ ಆ ‘ಮನೆಯಲ್ಲೇ ಕೂತು’ ಎಂಬ ಮಾತು ನಿತ್ಯಾನಂದನ ಮನಸ್ಸಿಗೆ ಹಿಡಿಸಿತು. ಅಂದಿನಿಂದ ಅವನು ಕಂಪ್ಯೂಟರಿನ ನಕ್ಷೆಯಲ್ಲಿ ಸ್ಕಾಟ್ಲೆಂಡಿನ ನೀರನ್ನು ಮೊಳ ಮೊಳ ಅಳೆದು ಮುಗಿಸಿ, ಕೆನಡಾಕ್ಕೆ ಹೋಗಿ, ಅಲ್ಲಿಂದ ಸ್ವೀಡನ್ನಿಗೆ ದಾಟಿದ್ದ. ಮೈಸೂರಿನಿಂದಾಚೆ ಕಾಲಿಡದ ನಲವತ್ತೆಂಟು ವರ್ಷದ ಆ ಮನುಷ್ಯನಿಗೆ ಸ್ವೀಡನ್ನಿನ ಯಾವ ಸರೋವರದ ಯಾವ ಮಗ್ಗುಲಲ್ಲಿ ನೀರು ತೆಳು ಎನ್ನುವುದು ಬಾಯಿಪಾಠವಾಗಿತ್ತು. ಇಷ್ಟರಲ್ಲಿ ಅವನಿಗೆ ಸಿಕ್ಕಿದ್ದು ಮೋಟಾರು ದೋಣಿಗಳು ಬಿಟ್ಟುಹೋದ ನೊರೆ, ತೇಲುವ ಒಂದು ಮರದ ದಿಮ್ಮಿ, ಮತ್ತು ಒಂದು ಮೋಡದ ನೆರಳು. ಇಂಥ ದರ್ಶನಗಳ ದಾಖಲೆ ಇಡುವ ವಿದೇಶದ ಸಂಘವೊಂದಕ್ಕೆ ಅವನು ಹನ್ನೊಂದು ಸಲ ಬರೆದಿದ್ದ. ಹನ್ನೊಂದು ಸಲವೂ ಯಂತ್ರವೇ ಧನ್ಯವಾದ ಹೇಳಿತ್ತು. ಹೆಂಡತಿ ಕಾಂತಿಗೆ ಒಮ್ಮೆ ಹೇಳಿಕೊಂಡಾಗ ಆಕೆ ಪೂರ್ತಿ ಕೇಳಿ, ಸಿಕ್ಕಿದರೆ ಏನು ಮಾಡುವುದು ಎಂದು ವಿಚಾರಿಸಿದ್ದಳು. ಅವನು ಮತ್ತೆ ಆ ಸುದ್ದಿ ಎತ್ತಿರಲಿಲ್ಲ.

ಅಂದು ಸ್ವೀಡನ್ನೂ ಬೇಸರ ಬಂತು. ಕಾಂತಿಯ ತವರಿಗೆ ಹೊಸ ಶೀಟಿನ ಮಾಡು ಹಾಕಿಸಿದ್ದು ನಕ್ಷೆಯಲ್ಲಿ ಬಂದಿದೆಯೋ ನೋಡುವ ಎಂದು ಅವನು ಮೂಡುಬಿದಿರೆಯ ಕಡೆ ಸರಿದು ಪುತ್ತಿಗೆಗೆ ಬಂದ. ಮಾಡು ಇನ್ನೂ ಹಳೆಯದೇ ಇತ್ತು. ಮನೆಯೆದುರಿನ ನೆಕ್ಕರೆ ಕೆರೆ ಪಾಚಿ ಬಣ್ಣದಲ್ಲಿ ತಣ್ಣಗೆ ಬಿದ್ದಿತ್ತು. ಅದರ ಮೂಡಣ ಮೂಲೆಯಲ್ಲಿ, ನೀರಿನ ಅಡಿಯಲ್ಲಿ, ಕಪ್ಪಗೆ ಉದ್ದಕ್ಕೆ ಏನೋ ಮಲಗಿತ್ತು. ಒಂದು ತುದಿ ಅಗಲ, ಒಂದು ತುದಿ ಚೂಪು, ನಡುವೆ ಮೂರು ಗೂನು. ನಿತ್ಯಾನಂದ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡ. ಚಿತ್ರವನ್ನು ಹಿಗ್ಗಿಸಿದ, ಕುಗ್ಗಿಸಿದ, ನಕ್ಷೆಯ ಅಳತೆಗೋಲನ್ನು ತಲೆಯಿಂದ ಬಾಲದವರೆಗೆ ಎಳೆದ. ಎಳೆದು, ಬಾಯಿಬಿಟ್ಟು, “ನಲವತ್ತಡಿ” ಎಂದ.

“ಎಂಥದು ನಲವತ್ತಡಿ?” ಎಂದು ನೀಲಾವತಿ ಕೇಳಿದಳು.

ಏಳು ವರ್ಷದಲ್ಲಿ ಅವನ ಸರೋವರಗಳ ಬಗ್ಗೆ ತಾನಾಗಿ ಪ್ರಶ್ನೆ ಕೇಳಿದ ಮೊದಲ ವ್ಯಕ್ತಿ ಅವಳು. ನಿತ್ಯಾನಂದ ಪರದೆಯನ್ನು ಅವಳತ್ತ ತಿರುಗಿಸಿ ಎಲ್ಲ ಹೇಳಿದ. ಸ್ಕಾಟ್ಲೆಂಡಿನಿಂದ ಸುರುಮಾಡಿ ಮೂರು ಗೂನುಗಳವರೆಗೆ ಬಂದ. ಇದು ಇಂಥದೇ ಎಂದು ತಾನು ಹೇಳುವುದಿಲ್ಲ, ಪರೀಕ್ಷೆ ಆಗಬೇಕು ಎಂದೂ ಸೇರಿಸಿದ. ನೀಲಾವತಿ ಅಷ್ಟನ್ನೂ ಶ್ರದ್ಧೆಯಿಂದ ಕೇಳಿ, ಕೆರೆ ಯಾವ ಊರಿನದು ಎಂದು ವಿಚಾರಿಸಿ, ಪರದೆಯ ಒಂದು ಫೋಟೊ ತೆಗೆದುಕೊಂಡಳು. ಅವಳ ತಂಗಿಯನ್ನು ಮೂಡುಬಿದಿರೆಗೆ ಕೊಟ್ಟಿದ್ದರು. ತಂಗಿಯ ಇಬ್ಬರು ಮಕ್ಕಳು ಅದೇ ಕೆರೆಯಲ್ಲಿ ಅಂದು ಸಂಜೆಯಿಂದ ಸುರುವಾಗುವ ಬೇಸಿಗೆ ಈಜು ಶಿಬಿರಕ್ಕೆ ಹೆಸರು ಕೊಟ್ಟಿದ್ದರು. ಈ ವಿಷಯವನ್ನು ಅವಳು ಅಂಗಡಿಯಲ್ಲಿ ಹೇಳಲಿಲ್ಲ. ಚಕ್ರ ನಿಲ್ಲುವುದನ್ನು ಕಾಯದೆ ಕೊಡೆ ಎತ್ತಿಕೊಂಡು ಹೊರಟಾಗಲೂ ನಿತ್ಯಾನಂದನಿಗೆ ಸಂಶಯ ಬರಲಿಲ್ಲ.

ಹತ್ತೂಮುಕ್ಕಾಲಿಗೆ ಲತೇಶನ ಫೋನು ಬಂತು. ಲತೇಶ್ ಕಾಂತಿಯ ತಮ್ಮ. ಬಹರೈನಿನ ಹೋಟೆಲೊಂದರ ಈಜುಕೊಳದ ಪಕ್ಕದಲ್ಲಿ ಹನ್ನೊಂದು ವರ್ಷ ಸೀಟಿ ಹಿಡಿದು ಕೂತಿದ್ದ ಜೀವರಕ್ಷಕ. ಅಷ್ಟು ವರ್ಷದಲ್ಲಿ ಒಬ್ಬನೂ ಮುಳುಗಲಿಲ್ಲವಾಗಿ ಅವನಿಗೆ ಕೈತೋರಿಸುವ ಅವಕಾಶವೇ ಸಿಕ್ಕಿರಲಿಲ್ಲ. ಊರಿಗೆ ಬಂದ ಮೇಲೆ ಮಕ್ಕಳಿಗೆ ಈಜು ಕಲಿಸುವುದೆಂದು ಹಟ ಹಿಡಿದು, ಇಡೀ ಚಳಿಗಾಲ ಕೆರೆಯ ಮೆಟ್ಟಿಲು ತಿಕ್ಕಿ, ಹಗ್ಗ ಕಟ್ಟಿ, ಮೂವತ್ತೊಂದು ಮಕ್ಕಳನ್ನು ಒಟ್ಟುಮಾಡಿದ್ದ. ಈಗ ಅವನ ದನಿ ಬಹಳ ಶಾಂತವಾಗಿತ್ತು. ಅದೇ ನಿತ್ಯಾನಂದನಿಗೆ ಹೆದರಿಕೆ ಹುಟ್ಟಿಸಿತು.

“ಭಾವ, ನೀವು ಇಷ್ಟು ವರ್ಷ ಸ್ಕಾಟ್ಲೆಂಡಿನಲ್ಲಿ ಇದ್ದವರು, ಅಲ್ಲೇ ಇರ್ಬಹುದಿತ್ತು.”

ಮೂವತ್ತೊಂದರಲ್ಲಿ ಇಪ್ಪತ್ತೊಂಬತ್ತು ಮಕ್ಕಳ ಮನೆಯವರು ಹೆಸರು ವಾಪಸ್ ತೆಗೆದಿದ್ದರು. ಉಳಿದ ಇಬ್ಬರು ಲತೇಶನದೇ ಮಕ್ಕಳು. ನೀಲಾವತಿ ತಂಗಿಗೆ ಕಳಿಸಿದ ಫೋಟೊ ಅಲ್ಲಿಂದ ಪಾಲಕರ ಗುಂಪಿಗೆ, ಗುಂಪಿನಿಂದ ಉಳಿದ ಗುಂಪುಗಳಿಗೆ ಹೋಗುವಷ್ಟರಲ್ಲಿ ವಿಟ್ಲದ ಜೆರಾಕ್ಸ್ ಅಂಗಡಿ ‘ಉಪಗ್ರಹ ಪರಿವೀಕ್ಷಣಾ ಕೇಂದ್ರ’ ಆಗಿತ್ತು. ನಿತ್ಯಾನಂದ ಅದರ ಮುಖ್ಯಸ್ಥನಾಗಿದ್ದ. ಹೇಳಿದವರೇ ಬಂದು, ಏನೂ ಇಲ್ಲವೆಂದು ತೋರಿಸಿಕೊಟ್ಟರೆ ಮಾತ್ರ ಮಕ್ಕಳು ಬರುತ್ತಾರೆ ಎಂದು ಹೇಳಿ ಲತೇಶ್ ಫೋನು ಇಟ್ಟ. ಹಿಂದೆಯೇ ಕಾಂತಿಯ ಫೋನು ಬಂತು. ಲೋಕದಲ್ಲಿ ಇಷ್ಟು ಕೆರೆಗಳಿರುವಾಗ ನನ್ನ ತವರಿನದೇ ಬೇಕಿತ್ತಾ ಎಂದು ಆಕೆ ಕೇಳಿದಳು. ನಿತ್ಯಾನಂದ ಅಂಗಡಿಯ ಬಾಗಿಲು ಎಳೆದು ಬಸ್ಸು ಹತ್ತಿದ.

ಬಿ.ಸಿ. ರೋಡಿನಲ್ಲಿ ಇಳಿದು ಮೂಡುಬಿದಿರೆಯ ಬಸ್ಸು ಹಿಡಿದಾಗ ಎದುರಿನ ಸೀಟಿನಲ್ಲಿ ಇಬ್ಬರು ಇದೇ ಮಾತಾಡುತ್ತಿದ್ದರು. ಬಸ್ಸು ಹೊರಡುವಾಗ ಪ್ರಾಣಿ ನಲವತ್ತೈದು ಅಡಿ ಇತ್ತು. ಸಿದ್ಧಕಟ್ಟೆಗೆ ಬರುವಾಗ ಅರವತ್ತು ದಾಟಿ, ಘಟ್ಟದಿಂದ ನೆರೆಯಲ್ಲಿ ಇಳಿದು ಬಂದದ್ದೆಂದು ತೀರ್ಮಾನವಾಗಿತ್ತು. ನಲವತ್ತೇ ಎಂದು ತಿದ್ದಲು ನಿತ್ಯಾನಂದನ ನಾಲಿಗೆ ತುದಿಯವರೆಗೆ ಬಂತು. ಕಷ್ಟಪಟ್ಟು ನುಂಗಿಕೊಂಡ.

ಪುತ್ತಿಗೆಯಲ್ಲಿ ರಿಕ್ಷಾ ಇಳಿದಾಗ ಹನ್ನೆರಡೂಮುಕ್ಕಾಲು. ಕೆರೆಯ ದಂಡೆಯಲ್ಲಿ ಮೂವತ್ತು ನಲವತ್ತು ಜನ ನಿಂತಿದ್ದರು. ಲತೇಶ್ ಬಹರೈನಿನ ಕೆಂಪು ಚಡ್ಡಿಯಲ್ಲಿ, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು, ಮದುವೆ ಮುರಿದ ಮನೆಯ ಯಜಮಾನನ ಹಾಗೆ ಅತ್ತಿಂದಿತ್ತ ತಿರುಗುತ್ತಿದ್ದ. ಬೆಳ್ತಂಗಡಿಯಿಂದ ಹಾವು ಹಿಡಿಯುವ ಜಿತೇಶ್ ಕೂಡ ಬೈಕಿನಲ್ಲಿ ಬಂದಿಳಿದಿದ್ದ. ಅವನ ಕೈಯಲ್ಲಿ ಒಂದು ಕೊಕ್ಕೆ ಮತ್ತು ಒಂದು ಗೋಣಿಚೀಲ ಇತ್ತು. ನಲವತ್ತಡಿಯದನ್ನು ಆ ಚೀಲದಲ್ಲಿ ಹೇಗೆ ತುಂಬಿಸುವುದು ಎಂದು ಯಾರೋ ಕೇಳಿದ್ದಕ್ಕೆ, ಬಾಲದಿಂದ ಸುರು ಮಾಡಿದರೆ ಆಗುತ್ತದೆ ಎಂದು ಅವನು ಸಮಾಧಾನವಾಗಿ ಉತ್ತರಿಸಿದ.

ನೀರಿನಲ್ಲಿ ಏನೂ ಕಾಣುತ್ತಿರಲಿಲ್ಲ. ಒಂದು ಬೆಳ್ಳಕ್ಕಿ ಒಂಟಿಕಾಲಿನಲ್ಲಿ ನಿಂತಿತ್ತು. ನಿತ್ಯಾನಂದ ಮೊಬೈಲು ಹೊರತೆಗೆದು, ನಕ್ಷೆಯ ನೀಲಿ ಚುಕ್ಕಿ ತೋರಿಸಿ, ನಾವು ನಿಂತದ್ದು ಇಲ್ಲಿ, ಅದು ಇರುವುದು ಆ ಮೂಲೆಯಲ್ಲಿ ಎಂದು ಕೈಚಾಚಿದ. ಜನ ಒಟ್ಟಾಗಿ ಎರಡು ಹೆಜ್ಜೆ ಹಿಂದೆ ಸರಿದರು.

ಆ ಮೂಲೆಯ ಮನೆ ಸೇಸಮ್ಮನದು. ಎಪ್ಪತ್ತೆಂಟರ ಆ ಮುದುಕಿ ಬೆಳಿಗ್ಗಿನಿಂದ ಜಗಲಿಯಲ್ಲಿ ಕೂತು ಇವರೆಲ್ಲರನ್ನೂ ನೋಡುತ್ತಿದ್ದಳು. ಯಾರೂ ಅವಳನ್ನು ಒಂದು ಮಾತು ಕೇಳಿರಲಿಲ್ಲ. ಈಗ ಅಷ್ಟೂ ಕೈಗಳು ತನ್ನ ಮನೆಯ ಕಡೆ ತಿರುಗಿದ್ದು ಕಂಡು ಅವಳು ಕೋಲೂರಿಕೊಂಡು ಬಂದಳು. ವಿಷಯ ಏನೆಂದು ವಿಚಾರಿಸಿದಳು. ಕಪ್ಪಗಿದೆಯಾ ಎಂದು ಕೇಳಿದಳು. ಹೌದು. ಉದ್ದಕ್ಕಿದೆಯಾ? ಹೌದು.

“ಅದು ನನ್ನ ಕಟ್ಟಿಗೆ ಕೊಟ್ಟಿಗೆಯ ಪ್ಲಾಸ್ಟಿಕ್” ಎಂದಳು ಸೇಸಮ್ಮ. “ಹೋದ ವರ್ಷದ ಹಿಂದಿನ ವರ್ಷ ಗಾಳಿಗೆ ಹಾರಿ ಬಿದ್ದದ್ದು. ತೆಗೆದುಕೊಡಿ ಅಂತ ಎಷ್ಟು ಜನರ ಹತ್ರ ಹೇಳಿದೆ. ಯಾರಿಗೂ ಪುರುಸೊತ್ತು ಇರ್ಲಿಲ್ಲ. ಈಗ ಇಷ್ಟು ಜನ ಬಂದಿದ್ದೀರಲ್ಲ, ತೆಗೀರಿ.”

ನಿತ್ಯಾನಂದ ಆ ಕ್ಷಣವೇ ಒಪ್ಪಿಬಿಟ್ಟ. ಅಗಲದ ತುದಿ, ಚೂಪಾದ ತುದಿ, ಅಡಿಯಲ್ಲಿ ಗಾಳಿ ಸಿಕ್ಕಿ ಉಬ್ಬಿದ ಮೂರು ಗೂನು, ಎಲ್ಲವೂ ಕೂಡಿ ಬಂತು. ಎದೆಯೊಳಗೆ ಏನೋ ಸಣ್ಣಗೆ ಕುಸಿಯಿತು. ಮೋಡದ ನೆರಳೆಂದು ತಿಳಿದ ದಿನವೂ ಹೀಗೇ ಆಗಿತ್ತು, ಆದರೆ ಅಂದು ನೋಡುವವರು ಯಾರೂ ಇರಲಿಲ್ಲ. ಅವನು ಜನರ ಕಡೆ ತಿರುಗಿ, ಇದು ಪ್ಲಾಸ್ಟಿಕ್ಕೇ, ತನ್ನದು ತಪ್ಪಾಯಿತು ಎಂದ.

ಜನರಿಗೆ ಇದು ರುಚಿಸಲಿಲ್ಲ. ಊಟ ಬಿಟ್ಟು ಬಿಸಿಲಿನಲ್ಲಿ ನಿಂತದ್ದು ಪ್ಲಾಸ್ಟಿಕ್ಕಿಗೆ ಅಂತಾದರೆ ಯಾರಿಗೆ ಬೇಕು? ಉಪಗ್ರಹ ಹೇಳಿದ್ದು ದೊಡ್ಡದೋ ಸೇಸಮ್ಮ ಹೇಳಿದ್ದು ದೊಡ್ಡದೋ ಎಂದು ಒಬ್ಬರು ತರ್ಕ ತೆಗೆದರು. ಲತೇಶ್ ತಾನೇ ಮುಳುಗಿ ತೆಗೆಯುತ್ತೇನೆಂದು ಮುಂದೆ ಬಂದ. ಅದಾಗುವುದಿಲ್ಲ, ಶಿಬಿರ ನಿನ್ನದು, ನೀನು ಇಳಿದರೆ ಇದ್ದದ್ದನ್ನೂ ಇಲ್ಲ ಅಂತೀಯ ಎಂದು ಅವರು ತಡೆದರು. ಇದೆ ಅಂದವನೇ ಇಳಿದು ಇಲ್ಲ ಅನ್ನಬೇಕು ಎಂದಾಯಿತು.

ನಿತ್ಯಾನಂದನಿಗೆ ಈಜು ಬರುತ್ತಿರಲಿಲ್ಲ. ನೀರನ್ನು ಅವನು ಯಾವತ್ತೂ ಮೇಲಿನಿಂದಲೇ, ಅದೂ ಉಪಗ್ರಹದಷ್ಟು ಮೇಲಿನಿಂದ, ನೋಡಿದವನು.

ಟ್ರ್ಯಾಕ್ಟರಿನ ಹಳೆಯ ಟ್ಯೂಬೊಂದನ್ನು ತಂದು ಗಾಳಿ ತುಂಬಿಸುವುದೆಂದು ಕೊನೆಗೆ ಒಪ್ಪಂದವಾಯಿತು. ಟ್ಯೂಬು ಸಿಗಲು ಅರ್ಧ ಗಂಟೆ, ಅದರ ತೂತಿಗೆ ತೇಪೆ ಹಾಕಲು ಅರ್ಧ ಗಂಟೆ, ಸೈಕಲ್ ಪಂಪಿನಲ್ಲಿ ಗಾಳಿ ತುಂಬಿಸಲು ಇನ್ನೊಂದರ್ಧ ಗಂಟೆ ಹೋಯಿತು. ಅಷ್ಟರಲ್ಲಿ ಜಿತೇಶನಿಗೆ ಉಜಿರೆಯ ಕಡೆ ಯಾರದೋ ಬಚ್ಚಲಿಗೆ ನಾಗರಹಾವು ಬಂದಿದೆಯೆಂದು ಕರೆ ಬಂದು ಅವನು ಗೋಣಿಚೀಲ ಸಮೇತ ಹೊರಟ. ಉಳಿದವರು ಊಟ ಮಾಡಿ ಬರುತ್ತೇವೆಂದು ಹೋದರು. ಉಂಡವರು ಮಲಗಿದರು. ಎರಡೂವರೆಗೆ ಟ್ಯೂಬು ಸಿದ್ಧವಾಗುವಾಗ ದಂಡೆಯಲ್ಲಿ ಉಳಿದದ್ದು ಲತೇಶ್, ಸೇಸಮ್ಮ ಮತ್ತು ಆ ಬೆಳ್ಳಕ್ಕಿ.

ಈಗಲಾದರೂ ನೀನೇ ಇಳಿಯಬಹುದಲ್ಲ ಎಂದು ನಿತ್ಯಾನಂದ ಮೆಲ್ಲಗೆ ಕೇಳಿ ನೋಡಿದ. ನಾನು ತೆಗೆದರೆ ನಾನೇ ತಂದು ಹಾಕಿದ್ದು ಅಂತಾರೆ ಭಾವ ಎಂದ ಲತೇಶ್. ಮಾವಿನ ಮರದ ನೆರಳಿನಲ್ಲಿ ಕೂತು, ಜೀವರಕ್ಷಕನಿಗೆ ತಕ್ಕಂತೆ ಸೀಟಿಯನ್ನು ಬಾಯಿಗೆ ಇಟ್ಟುಕೊಂಡ. ನಿತ್ಯಾನಂದ ಅಂಗಿ ಕಳಚಿ, ಪಂಚೆ ಎತ್ತಿಕಟ್ಟಿ, ಟ್ಯೂಬಿನೊಳಗೆ ತೂರಿಕೊಂಡು ನೀರಿಗೆ ಇಳಿದ.

ಪ್ಲಾಸ್ಟಿಕ್ಕು ಕಾಲಿಗೆ ಸಿಕ್ಕಿತು. ಎರಡು ವರ್ಷದ ಪಾಚಿ ಹಿಡಿದು ಅದು ಜೀವವಿದ್ದ ಹಾಗೇ ನುಣುಚಿಕೊಳ್ಳುತ್ತಿತ್ತು. ಒಂದು ತುದಿಯನ್ನು ಸೊಂಟಕ್ಕೆ ಸುತ್ತಿಕೊಂಡು ದಂಡೆಯ ಕಡೆ ಕೈಬಡಿದ. ಟ್ಯೂಬು ದಂಡೆಯ ಕಡೆ ಹೋಗದೆ ಕೆರೆಯ ನಡುವಿಗೆ ಹೋಯಿತು. ಬೇರೆ ಕಡೆ ತಿರುಗಿಸಲು ನೋಡಿದರೆ ಗಿರಗಿರನೆ ಸುತ್ತಿತು. ಕೆಸರು ಬಿಟ್ಟ ಪ್ಲಾಸ್ಟಿಕ್ಕು ಅವನ ಹಿಂದೆ ಉದ್ದಕ್ಕೆ ತೇಲಿ ಬಂತು. ಹೀಗೆ ಅವನು ಕೆರೆಗೆ ಎರಡು ಪ್ರದಕ್ಷಿಣೆ ಹಾಕಿದ. ಎಲ್ಲೋ ಮೇಲಿನಿಂದ ಜೇನುನೊಣದಂಥ ಸದ್ದು ಕೇಳಿದಂತಾಯಿತು. ಕಿವಿಗೆ ನೀರು ಹೋದದ್ದೆಂದು ತಲೆ ಕೊಡವಿಕೊಂಡ. ಮೂರನೆಯ ಸುತ್ತಿನಲ್ಲಿ ಲತೇಶ್ ಹಗ್ಗ ಎಸೆದು ಎಳೆದುಕೊಂಡ.

ದಂಡೆಯ ಮೇಲೆ ಹಾಸಿ ಮೊಳ ಹಾಕಿದರೆ ಪ್ಲಾಸ್ಟಿಕ್ಕು ನಲವತ್ತೆರಡು ಅಡಿ ಇತ್ತು. ನೀರು ಸೋರುತ್ತಾ ನಿಂತ ನಿತ್ಯಾನಂದನಿಗೆ ಇಡೀ ದಿನದಲ್ಲಿ ಸಿಕ್ಕಿದ ಸಮಾಧಾನ ಅದೊಂದೇ. ಅಳತೆಯಲ್ಲಿ ಬರೀ ಎರಡಡಿ ವ್ಯತ್ಯಾಸ.

ಲತೇಶ್ ಅದರ ಫೋಟೊ ತೆಗೆದು ಪಾಲಕರ ಗುಂಪಿಗೆ ಕಳಿಸಿದ. ಒಬ್ಬೊಬ್ಬರಾಗಿ ಹೆಬ್ಬೆರಳು ಎತ್ತಿ ತೋರಿಸಿದರು. ಮೂರೂವರೆಯ ಹೊತ್ತಿಗೆ ಇಪ್ಪತ್ತೊಂಬತ್ತು ಹೆಸರೂ ವಾಪಸ್ ಬಂದಿದ್ದವು. ಇವತ್ತಿನದು ಕೆಟ್ಟಿತು, ನಾಳೆ ಬೆಳಿಗ್ಗೆ ಎಂಟಕ್ಕೆ ಶಿಬಿರ ಸುರು ಎಂದಾಯಿತು. ಸೇಸಮ್ಮ ಪ್ಲಾಸ್ಟಿಕ್ಕನ್ನು ತೊಳೆಸಿ, ಕತ್ತಿಯಿಂದ ಎರಡು ತುಂಡು ಮಾಡಿ, ಅಲ್ಲೇ ಲತೇಶನನ್ನು ಏಣಿ ಹತ್ತಿಸಿ ಕೊಟ್ಟಿಗೆಗೆ ಮೊಳೆ ಹೊಡೆಸಿದಳು. ಮಳೆಗೆ ಇನ್ನು ಒಂದು ತಿಂಗಳೂ ಇರಲಿಲ್ಲ. ಲತೇಶನ ಹೆಂಡತಿ ಬಿಸಿ ನೀರುದೋಸೆ ಎರೆದು ಹಾಕಿದಳು. ಲತೇಶ್ ತಾನೇ ರಿಕ್ಷಾ ತರಿಸಿ ಭಾವನನ್ನು ಗೌರವದಿಂದ ಕಳಿಸಿಕೊಟ್ಟ.

ಮೂಡುಬಿದಿರೆಯಲ್ಲಿ ಬಸ್ಸು ಹತ್ತಿ, ಲತೇಶನ ಒಣ ಪಂಚೆಯಲ್ಲಿ, ಒದ್ದೆ ಬಟ್ಟೆಯ ಚೀಲವನ್ನು ಕಾಲಡಿ ಇಟ್ಟುಕೊಂಡು ಕೂತ ನಿತ್ಯಾನಂದನಿಗೆ ಹಿತವಾದ ತೂಕಡಿಕೆ ಬಂತು. ಪಕ್ಕದಲ್ಲಿ ಕನ್ನಡಕದ ಹಿರಿಯರೊಬ್ಬರು ಮೊಬೈಲು ನೋಡುತ್ತಿದ್ದರು. ಮತ್ತೆ ಮತ್ತೆ ನೋಡಿ, ಒಬ್ಬರೇ ನೋಡುವುದು ಸರಿಯಲ್ಲ ಅನಿಸಿತೋ ಏನೋ, ಅವನ ಕಡೆಗೂ ಹಿಡಿದರು.

ಅದೊಂದು ವಿಡಿಯೋ. ಆಕಾಶದಿಂದ ತೆಗೆದದ್ದು. ಹಸಿರು ನೀರಿನ ನಡುವೆ ಮುಂದೆ ಒಂದು ಹೊಳೆಯುವ ತಲೆ, ತಲೆಯ ಹಿಂದೆ ಕಪ್ಪು ಉಬ್ಬು ಬೆನ್ನು, ಬೆನ್ನಿನ ಹಿಂದೆ ಉದ್ದಕ್ಕೆ, ಬಹಳ ಉದ್ದಕ್ಕೆ, ಅಲೆಯಲೆಯಾಗಿ ಆಡುವ ಬಾಲ. ಪ್ರಾಣಿ ಕೆರೆಗೆ ಒಂದು ಸುತ್ತು ಬಂತು. ಬೇಟೆಯ ವಾಸನೆ ಹತ್ತಿದಂತೆ ನಿಂತಿತು. ಒಮ್ಮೆ ತಲೆ ಕೊಡವಿತು.

ಆಮೇಲೆ ತಿಳಿದದ್ದೇನೆಂದರೆ, ಶಿಬಿರದ ಉದ್ಘಾಟನೆಯನ್ನು ಡ್ರೋನಿನಲ್ಲಿ ಚಿತ್ರೀಕರಿಸಲು ಲತೇಶ್ ಮೂಡುಬಿದಿರೆಯ ಮದುವೆ ಫೋಟೊಗ್ರಾಫರ್ ಉಮ್ಮರನಿಗೆ ಹೇಳಿಟ್ಟಿದ್ದ. ಹೆಸರುಗಳೆಲ್ಲ ಹೋಗಿ ಕಾರ್ಯಕ್ರಮವೇ ಅನುಮಾನವಾದದ್ದನ್ನು ಅವನಿಗೆ ತಿಳಿಸಲು ಮರೆತಿದ್ದ. ಉಮ್ಮರ್ ಎರಡೂವರೆಗೇ ಕೆರೆಯ ಆಚೆ ಬದಿಯ ಗೇರುಗುಡ್ಡೆಗೆ ಬಂದು, ಬೆಳಕು ಹೇಗಿದೆ ನೋಡುವ ಎಂದು ಡ್ರೋನನ್ನು ಮೇಲೆ ಬಿಟ್ಟಿದ್ದ. ಮಾವಿನ ಮರದಡಿಯ ಲತೇಶನಾಗಲಿ ಸೇಸಮ್ಮನಾಗಲಿ ಅದರಲ್ಲಿ ಕಾಣಲಿಲ್ಲ. ಕಂಡದ್ದನ್ನು ಕಂಡು ಉಮ್ಮರ್ ಡ್ರೋನನ್ನು ಮಾತ್ರ ಎತ್ತಿಕೊಂಡು, ಒಂದು ಚಪ್ಪಲಿ ಬಿಟ್ಟು, ಓಡಿದ್ದ.

“ಅದು ನಾನು” ಎಂದ ನಿತ್ಯಾನಂದ.

ಹಿರಿಯರು ಅವನನ್ನು ನೋಡಿದರು. ವಿಡಿಯೋ ನೋಡಿದರು. ಮತ್ತೆ ಅವನನ್ನು ನೋಡಿದರು. ತಲೆ ತನ್ನದು, ಬೆನ್ನು ಟ್ರ್ಯಾಕ್ಟರಿನದು, ಬಾಲ ಸೇಸಮ್ಮನ ಕೊಟ್ಟಿಗೆಯದು ಎಂದು ಅವನು ಬಿಡಿಸಿ ಹೇಳಿದ. ಅವರು ಕೊನೆಯವರೆಗೂ ಕೇಳಿ, ಬಹಳ ಮೆದುವಾಗಿ, “ನನ್ನ ದೊಡ್ಡಪ್ಪನ ಮಗನಿಗೂ ಹೀಗೇ ಸುರುವಾದದ್ದು. ಮಂಗಳೂರಿನಲ್ಲಿ ಒಬ್ಬರು ಒಳ್ಳೆ ಡಾಕ್ಟ್ರಿದ್ದಾರೆ, ಗುಣ ಆಗ್ತದೆ” ಎಂದರು. ಮುಂದಿನ ಸ್ಟಾಪಿನಲ್ಲಿ ಬೇರೆ ಸೀಟು ಖಾಲಿಯಾದಾಗ ಎದ್ದು ಹೋದರು.

ಲತೇಶನ ಫೋನು ಬಂತು. ಹೆಸರುಗಳು ಮತ್ತೆ ಹೋಗಿದ್ದವು. ಈ ಸಲ ಮೂವತ್ತೊಂದೂ. ಅವನ ಹೆಂಡತಿಯೂ ವಿಡಿಯೋ ನೋಡಿದ್ದಳು. ಎರಡು ಗಂಟೆ ಮೊದಲು ಆ ಪ್ರಾಣಿಗೆ ಅವಳೇ ನೀರುದೋಸೆ ಬಡಿಸಿದ್ದೆಂದು ಗಂಡ ಎಷ್ಟು ಹೇಳಿದರೂ ಮಕ್ಕಳನ್ನು ಕೆರೆಗೆ ಬಿಡುವುದಿಲ್ಲವೆಂದು ಕೂತಿದ್ದಳು. ಆ ಪ್ಲಾಸ್ಟಿಕ್ಕು ಸಿಕ್ಕಿದ್ದು ಸರಿ, ಅದರ ಅಡಿಯಲ್ಲಿ ಮಲಗಿದ್ದದ್ದು ಈಗ ಎದ್ದು ತಿರುಗುತ್ತಿದೆಯಲ್ಲ ಎಂದು ಪಾಲಕರು ಹೇಳುತ್ತಿದ್ದರಂತೆ. ಇನ್ನು ಒಂದೇ ದಾರಿ. ನಾಳೆ ಬೆಳಿಗ್ಗೆ ಎಂಟಕ್ಕೆ ಎಲ್ಲರನ್ನೂ ದಂಡೆಗೆ ಕರೆಸುವುದು, ಭಾವ ಅದೇ ಟ್ಯೂಬು ಹಾಕಿಕೊಂಡು ಅದೇ ಥರ ಪ್ಲಾಸ್ಟಿಕ್ ಎಳೆದುಕೊಂಡು ಈಜುವುದು, ಉಮ್ಮರ್ ಮೇಲಿನಿಂದ ಅದೇ ಥರ ವಿಡಿಯೋ ಮಾಡುವುದು. ಎರಡನ್ನೂ ಹೋಲಿಸಿ ನೋಡಿದರೆ ಯಾರೂ ಮಾತಾಡುವ ಹಾಗಿಲ್ಲ.

ಪ್ಲಾಸ್ಟಿಕ್ ಎಲ್ಲಿದೆ ಎಂದು ನಿತ್ಯಾನಂದ ಕೇಳಿದ. ಅದೇ ತೊಂದರೆಯಾಗಿತ್ತು. ಮೊಳೆ ಹೊಡೆದದ್ದನ್ನು ಕೀಳಲು ಸೇಸಮ್ಮ ಒಪ್ಪುತ್ತಿರಲಿಲ್ಲ. ಕೆರೆಗೆ ಒಮ್ಮೆ ಕೊಟ್ಟು ಎರಡು ವರ್ಷ ಕಾದಿದ್ದೇನೆ, ಇನ್ನು ಸಾಕು ಎಂದಿದ್ದಳಂತೆ. ಬರುವಾಗ ಬಿ.ಸಿ. ರೋಡಿನಿಂದ ಹೊಸತೊಂದು ತರಬೇಕು ಎಂದ ಲತೇಶ್. ಬೆಳಿಗ್ಗೆ ಬರುವ ಹೊತ್ತಿಗೆ ಅಂಗಡಿ ತೆರೆದಿರುವುದಿಲ್ಲವಾದ್ದರಿಂದ ಈಗಲೇ ತೆಗೆದಿಟ್ಟುಕೊಳ್ಳುವುದು ಒಳ್ಳೆಯದು ಎಂದು ನಿತ್ಯಾನಂದನಿಗೇ ಹೊಳೆಯಿತು. ದಿನವಿಡೀ ಬೇರೆಯವರು ಹೇಳಿದ್ದನ್ನೇ ಮಾಡಿದವನು ಸ್ವಂತ ಬುದ್ಧಿಯಿಂದ ತೆಗೆದುಕೊಂಡ ತೀರ್ಮಾನ ಇದೊಂದೇ.

ಬಿ.ಸಿ. ರೋಡಿನ ಹಾರ್ಡ್‌ವೇರ್ ಅಂಗಡಿಯ ಕೌಂಟರಿನಲ್ಲಿ ಶಮ್ನಾ ಎಂಬ ಹುಡುಗಿ ಕೂತಿದ್ದಳು. ಅವಳ ಎದುರು ಮೊಬೈಲು ನಿಲ್ಲಿಸಿತ್ತು. ಅದರಲ್ಲಿ ಹಸಿರು ನೀರು ಕಾಣುತ್ತಿತ್ತು. ನಿತ್ಯಾನಂದ ಪ್ಲಾಸ್ಟಿಕ್ ಶೀಟು ಬೇಕು ಎಂದ.

“ಎಷ್ಟು ಅಡಿ?”

“ನಲವತ್ತು. ಎರಡಡಿ ಹೆಚ್ಚಿದ್ರೂ ಆಗ್ತದೆ.”

ಶಮ್ನಾ ತಲೆ ಎತ್ತಿದಳು. ನೀಲಿ ಉಂಟು, ಹಳದಿ ಉಂಟು, ಕಪ್ಪೇ ಬೇಕಾ ಎಂದು ವಿಚಾರಿಸಿದಳು.

“ಕಪ್ಪೇ ಆಗ್ಬೇಕು” ಎಂದ ನಿತ್ಯಾನಂದ. ಅವಳ ಮೊಬೈಲಿನ ಕಡೆ ಬೆರಳು ತೋರಿಸಿ, “ನೀರಿನಲ್ಲಿ ನೋಡುವಾಗ ಇದೇ ಥರ ಕಾಣ್ಬೇಕು. ನಾಳೆ ಬೆಳಿಗ್ಗೆ ಎಂಟಕ್ಕೆ ಉಂಟು” ಎಂದೂ ಸೇರಿಸಿದ. ವಿಷಯವನ್ನು ಅರ್ಧಕ್ಕೆ ಬಿಟ್ಟು ಅವನಿಗೆ ಅಭ್ಯಾಸವಿರಲಿಲ್ಲ.

ಅವಳು ಶೀಟು ಅಳೆದು, ಸುತ್ತಿ, ಬಿಲ್ಲಿಗೆ ಹೆಸರು ಕೇಳಿದಳು. “ನಿತ್ಯಾನಂದ, ವಿಟ್ಲ” ಎಂದು ಹೇಳಿದ. ಸುರುಳಿಯನ್ನು ಹೆಗಲಿಗೇರಿಸಿಕೊಂಡು ಅವನು ಮೆಟ್ಟಿಲು ಇಳಿಯುವಾಗ ಬೆನ್ನ ಹಿಂದೆ ಕ್ಲಿಕ್ ಎಂದದ್ದು ಅವನಿಗೆ ಕೇಳಿಸಿತು. ಅರ್ಥವಾಗಲಿಲ್ಲ.

ಕಲ್ಲಡ್ಕ ದಾಟುವಾಗ ಬಸ್ಸಿನಲ್ಲಿ ಒಬ್ಬರು ಹಿಂದೆ ತಿರುಗಿ ಅವನನ್ನು ನೋಡಿದರು. ಆಮೇಲೆ ಇಬ್ಬರು ನೋಡಿದರು. ಆಮೇಲೆ ಕಂಡಕ್ಟರ್ ಬಂದು, ಸುರುಳಿಯನ್ನು ಪಾದದಿಂದ ಒಮ್ಮೆ ತಟ್ಟಿ, ಇದರ ತಲೆ ಯಾವ ಕಡೆ ಎಂದು ಕೇಳಿದ. ಬಸ್ಸು ನಕ್ಕ ಸದ್ದಿಗೆ ಡ್ರೈವರ್ ಬ್ರೇಕು ಹಾಕಿದ. ನಿತ್ಯಾನಂದ ಪೇಟೆಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಮನೆಯವರೆಗೆ ನಡೆಯುವಾಗ ದಿನವೂ ಮಾತಾಡಿಸುವ ಕಟ್ಟಿಂಗ್ ಶಾಪಿನವನು ಮುಖ ತಿರುಗಿಸಿದ.

ಕಾಂತಿ ಬಾಗಿಲಲ್ಲೇ ನಿಂತಿದ್ದಳು. ಅವಳ ಮೊಬೈಲಿನಲ್ಲಿ, ಬೋಳು ನೆತ್ತಿಯ ಮನುಷ್ಯನೊಬ್ಬ ಕಪ್ಪು ಪ್ಲಾಸ್ಟಿಕ್ ಹೊತ್ತು ಮೆಟ್ಟಿಲು ಇಳಿಯುವ ಫೋಟೊ ಇತ್ತು. ಅದರ ಪಕ್ಕದಲ್ಲಿ ಕೆರೆಯ ಚಿತ್ರ. ಅಡಿಯಲ್ಲಿ ಬಿಲ್ಲಿನ ಹೆಸರು. ವಿಟ್ಲದ ಈ ವ್ಯಕ್ತಿಯೇ ಪ್ಲಾಸ್ಟಿಕ್ಕಿನಿಂದ ದೈತ್ಯಪ್ರಾಣಿ ಮಾಡಿ ಮಕ್ಕಳನ್ನು ಹೆದರಿಸುತ್ತಿದ್ದಾನೆ, ನಾಳೆ ಎಂಟು ಗಂಟೆಗೆ ಮತ್ತೊಂದು ಬಿಡಲಿದ್ದಾನೆ ಎಂದು ಯಾರೋ ಬರೆದಿದ್ದರು. ಅಪ್ಪಟ ಸುಳ್ಳು ಎನ್ನುವಂಥ ಒಂದು ಪದವೂ ಅದರಲ್ಲಿ ಇಲ್ಲದ್ದರಿಂದ ನಿತ್ಯಾನಂದನಿಗೆ ಎಲ್ಲಿಂದ ತಿದ್ದಬೇಕೆಂದೇ ತಿಳಿಯಲಿಲ್ಲ. ಅವನು ಸುರುಳಿಯನ್ನು ಜಗಲಿಗೆ ಇಳಿಸಿ, ಕೂತು, ಬೆಳಿಗ್ಗಿನಿಂದ ಆದದ್ದನ್ನೆಲ್ಲ ಹೆಂಡತಿಗೆ ಹೇಳಿದ. ಕಾಂತಿ ಕೇಳಿದಳು. ಕೇಳಿ, ನಿಮಗೆ ಈಜು ಬರುವುದಿಲ್ಲವಲ್ಲ ಎಂದಷ್ಟೇ ಹೇಳಿ ಒಳಗೆ ಹೋದಳು.

ರಾತ್ರಿ ಊಟಕ್ಕೆ ಮೊದಲು ಲತೇಶನ ಫೋನು ಮತ್ತೊಮ್ಮೆ ಬಂತು. ಈ ಸಲ ದನಿಯಲ್ಲಿ ಉತ್ಸಾಹವಿತ್ತು. ಕೆರೆಯಲ್ಲಿ ಇದ್ದದ್ದು ಮನುಷ್ಯನೇ, ಎಲ್ಲ ಒಬ್ಬನ ಕಿತಾಪತಿ ಎಂದು ಗೊತ್ತಾದ ಮೇಲೆ ಪಾಲಕರಿಗೆ ಧೈರ್ಯ ಬಂದಿತ್ತು. ಮೂವತ್ತೊಂದೂ ವಾಪಸ್. ಕೆರೆ ಹೆಸರುವಾಸಿಯಾದದ್ದರಿಂದ ಹೊಸತಾಗಿ ಹದಿನಾಲ್ಕು. ಉಮ್ಮರ್ ಚಪ್ಪಲಿ ಹುಡುಕಿಕೊಂಡು ಬಂದು, ಉದ್ಘಾಟನೆಯ ವಿಡಿಯೋ ಮಾಡಿಕೊಡುತ್ತೇನೆ ಎಂದು ಹೇಳಿ ಹೋಗಿದ್ದ.

ನಿತ್ಯಾನಂದನ ಎದೆಯ ಭಾರ ಇಳಿಯಿತು. ಹಾಗಾದರೆ ತಾನು ಬೆಳಿಗ್ಗೆ ಆರರ ಬಸ್ಸಿಗೆ ಹೊರಡುತ್ತೇನೆ, ಎಲ್ಲರ ಎದುರು ನಡೆದದ್ದನ್ನು ಒಮ್ಮೆ ವಿವರವಾಗಿ ಹೇಳಿಬಿಡುತ್ತೇನೆ ಎಂದ.



“ಅದು ಬೇಡ ಭಾವ” ಎಂದ ಲತೇಶ್. “ನೀವು ಕೆರೆಯ ಹತ್ರ ಬರ್ಬಾರ್ದು ಅಂತ ಅವರೆಲ್ಲ ಷರತ್ತು ಹಾಕಿದ್ದಾರೆ. ನಿಮಗೂ ನಮಗೂ ಮಾತುಕತೆ ಇಲ್ಲ ಅಂತ ನಾನೂ ಹೇಳಿಬಿಟ್ಟೆ. ಬೇರೆ ದಾರಿ ಇರ್ಲಿಲ್ಲ ಮಾರಾಯ್ರೇ. ಈ ಮಳೆಗಾಲ ಮುಗಿಯುವವರೆಗೆ ಈ ಕಡೆ ಬರ್ಬೇಡಿ.”

ನಿತ್ಯಾನಂದ ಆಗಲಿ ಎಂದ. ಫೋನು ಇಡಬೇಕೆನ್ನುವಷ್ಟರಲ್ಲಿ ಆಚೆಯಿಂದ ಯಾರೋ ಏನೋ ಹೇಳಿದ್ದು ಕೇಳಿಸಿತು. ಲತೇಶ್ ಮತ್ತೆ ಮಾತಾಡಿದ.

“ಭಾವ, ಆ ಪ್ಲಾಸ್ಟಿಕ್ ಉಂಟಲ್ಲ, ಅದನ್ನು ಮಾತ್ರ ನಾಳೆ ಬಸ್ಸಿನಲ್ಲಿ ಹಾಕಿ ಕಳಿಸಿ. ಸೇಸಮ್ಮ ಕೇಳ್ತಿದ್ದಾರೆ. ಅವರದ್ದು ಕೊಟ್ಟಿಗೆಗೆ ಸ್ವಲ್ಪ ಸಾಲುವುದಿಲ್ಲವಂತೆ.”